ಸರಸ್ವತೀ ಭಂಡಾರ ಮತ್ತು ಲೆಕ್ಕದ ಕಡತ: ಅರಿವಿನ ಬಂಡವಾಳವನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

1

ವಾಣಿಜ್ಯ ಮತ್ತು ನಿರ್ವಹಣಾಶಾಸ್ತ್ರಗಳ ಸಂಶೋಧನೆಯಲ್ಲಿ 1990ರ ದಶಕದಿಂದೀಚೆಗೆ 'ಬೌದ್ಧಿಕ ಬಂಡವಾಳ' ಎಂಬ ಪರಿಕಲ್ಪನೆ ಪ್ರಾಮುಖ್ಯ ಪಡೆದಿದೆ. ಸ್ವೀಡನ್ನಿನ ಸ್ಕ್ಯಾಂಡಿಯಾ ವಿಮಾ ಸಂಸ್ಥೆಯು ಲೀಫ್ ಎಡ್ವಿನ್ಸನ್ ಅವರ ಮುಂದಾಳತ್ವದಲ್ಲಿ 1994ರ ತನ್ನ ವಾರ್ಷಿಕ ವರದಿಗೆ ಈ ವಿಷಯವನ್ನೇ ಕುರಿತ ಪೂರಕ ಸಂಪುಟವೊಂದನ್ನು ಸೇರಿಸಿತು. ನೌಕರರ ತಿಳಿವಳಿಕೆ, ಸಂಸ್ಥೆಯೊಳಗಿನ ಕಾರ್ಯವಿಧಾನ, ಗ್ರಾಹಕರ ವಿಶ್ವಾಸ ಇವೂ ಸಂಪತ್ತೇ. ಆದರೆ ಆಸ್ತಿಪಟ್ಟಿಯಲ್ಲಿ ಇವು ಕಾಣಿಸುವುದಿಲ್ಲ ಎಂಬುದು ಈ ವಿಚಾರಧಾರೆಯ ತಿರುಳು.

ಈ ಪರಿಕಲ್ಪನೆಯನ್ನು ಸಾಮಾನ್ಯವಾಗಿ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದ ಕೊಡುಗೆಯೆಂದು ಭಾವಿಸಲಾಗುತ್ತದೆ. ಹೆಸರಿನ ಮಟ್ಟಿಗೆ ಇದು ನಿಜ. ಆದರೆ ಅರಿವನ್ನು ಲೆಕ್ಕಕ್ಕೆ ಒಳಪಡಿಸುವ ಪ್ರಶ್ನೆ ನಮ್ಮ ಮಧ್ಯಕಾಲೀನ ಸಂಸ್ಥೆಗಳಿಗೂ ಎದುರಾಗಿತ್ತು. ಅವು ಅದಕ್ಕೆ ತಮ್ಮದೇ ಆದ ಉತ್ತರವನ್ನೂ ಕಂಡುಕೊಂಡಿದ್ದವು. ಆ ಉತ್ತರವನ್ನು ಕನ್ನಡ ಶಾಸನಗಳಿಂದ ಗುರುತಿಸಿ, ಆಧುನಿಕ ಕಾಲದ ಒಂದು ನಿದರ್ಶನದ ಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಆ ನಿದರ್ಶನ ಗುಜರಾತಿನ ವಡೋದರಾ ನಗರಕ್ಕೆ ಸೇರಿದ ಗೋರ್ವಾದ್ದು.

2

ಮೊದಲು ಪದಗಳನ್ನು ಗಮನಿಸೋಣ. 'ಭಂಡಾರ' ಎಂಬುದು 'ಭಾಂಡಾಗಾರ'ದಿಂದ ಬಂದ ರೂಪ. 'ಬಂಡವಾಳ'ದ ಬೇರಿನಲ್ಲಿಯೂ 'ಭಾಂಡ'ವೇ ಇದೆ. ಅರಸನ ಹೊನ್ನನ್ನು ಕಾಯುವವನು ಭಂಡಾರಿ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ಇರುವ ನಾಗಾವಿಯ ಕ್ರಿ.ಶ. 1058ರ ಶಾಸನ ಇದೇ ಹುದ್ದೆಯ ಹೆಸರನ್ನು ಇನ್ನೊಂದು ಸಂಪತ್ತಿನ ಕಾವಲಿಗೂ ಬಳಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಅಲ್ಲಿ ಘಟಿಕಾಸ್ಥಾನವೊಂದನ್ನು ಸ್ಥಾಪಿಸಿದನು. ವೇದಾಧ್ಯಯನ ಮಾಡುವ ಇನ್ನೂರು ಮಂದಿಗೆ, ಶಾಸ್ತ್ರಾಧ್ಯಯನ ಮಾಡುವ ಐವತ್ತರಷ್ಟು ಮಂದಿಗೆ ಮತ್ತು ಅವರ ಉಪಾಧ್ಯಾಯರಿಗೆ ವೃತ್ತಿಗಳನ್ನು ಏರ್ಪಡಿಸುವ ಈ ಶಾಸನ ಆರು ಮಂದಿ 'ಸರಸ್ವತೀ ಭಂಡಾರಿಗ'ರನ್ನೂ ಹೆಸರಿಸುತ್ತದೆ. ಇವರು ಗ್ರಂಥಪಾಲಕರು. ಹೊನ್ನಿನ ಮನೆಗೂ ಹೊತ್ತಗೆಯ ಮನೆಗೂ ಒಂದೇ ಹೆಸರು ಸಂದಿರುವುದನ್ನು ಕೇವಲ ಆಲಂಕಾರಿಕ ಪ್ರಯೋಗವೆಂದು ತಳ್ಳಿಹಾಕಲಾಗದು. ಎರಡೂ ಭಂಡಾರಗಳಿಗೆ ಕಾಯುವವರಿದ್ದರು, ಕಾಯುವವರಿಗೆ ಜೀವಿತವಿತ್ತು, ಆ ಜೀವಿತ ಬರೆಹದಲ್ಲಿ ದಾಖಲಾಗಿತ್ತು.

ಇದಕ್ಕಿಂತ ಒಂದು ಶತಮಾನ ಹಿಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿ ಶಾಸನ (ಕ್ರಿ.ಶ. 945) ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅಲ್ಲಿನ ವಿದ್ಯಾಶಾಲೆಗೆ ಭೂಮಿಯ ದತ್ತಿಯ ಜೊತೆಗೆ ಊರವರ ವಂತಿಗೆಯೂ ಗೊತ್ತಾಗಿತ್ತು: ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಗೃಹಸ್ಥರ ಮನೆಯ ಶುಭಕಾರ್ಯವೇ ಪಾಠಶಾಲೆಯ ಆದಾಯವಾಗುವಂತೆ ಮಾಡಿದ ಈ ಕ್ರಮದಲ್ಲಿ ಲೆಕ್ಕದ ಜಾಣತನವಿದೆ. ಮದುವೆ, ಮುಂಜಿ ಇರುವಷ್ಟು ದಿನ ಶಾಲೆಯ ಆದಾಯಕ್ಕೂ ಕೊನೆಯಿಲ್ಲ.

ಈ ದತ್ತಿಗಳ ಹಿಂದಿರುವ ತತ್ತ್ವ ಅಕ್ಷಯನಿಧಿಯದು. ಇಟ್ಟ ಮೂಲಧನ ಕರಗಬಾರದು. ಅದರ ಹುಟ್ಟುವಳಿ ಅಥವಾ ಬಡ್ಡಿಯನ್ನು ಮಾತ್ರ ವೆಚ್ಚ ಮಾಡಬೇಕು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿಯ ಗಣಿತಕ್ಕೆ ದೊರೆತಿರುವ ವಿಸ್ತಾರವನ್ನು ನೋಡಿದರೆ, ಮೂಲಧನ ಮತ್ತು ಹುಟ್ಟುವಳಿಗಳ ವ್ಯತ್ಯಾಸ ಆ ಕಾಲದ ವ್ಯವಹಾರದಲ್ಲಿ ಎಷ್ಟು ಖಚಿತವಾಗಿತ್ತೆಂಬುದು ಮನವರಿಕೆಯಾಗುತ್ತದೆ. ವಿದ್ಯಾದಾನ ಮೂಲಧನದ ಕಡೆಗೆ ಸೇರಿತ್ತು, ವೆಚ್ಚದ ಕಡೆಗಲ್ಲ. ಇದು ನಾವು ಒತ್ತಿ ಹೇಳಬೇಕಾದ ಅಂಶ.

ಲೆಕ್ಕ ಬಲ್ಲವನ ಅರಿವಿಗೇ ಬೆಲೆ ಬಂದ ಪ್ರಸಂಗ ನಮ್ಮ ಕಾವ್ಯದಲ್ಲಿಯೂ ಇದೆ. ಹರಿಹರನ 'ಬಸವರಾಜದೇವರ ರಗಳೆ'ಯಲ್ಲಿ ಬಸವಣ್ಣನವರು ಮಂಗಳವಾಡದ ಕರಣಶಾಲೆಗೆ ಬರುವುದು ಯಾವ ಆಸ್ತಿಯ ಬಲದಿಂದಲೂ ಅಲ್ಲ. ಗಣಕರ ನಡುವೆ ಅವರ ಲೆಕ್ಕದ ನೈಪುಣ್ಯ ಬೆಳಕಿಗೆ ಬರುತ್ತದೆ. ಅಲ್ಲಿಂದ ಅವರ ಏಳಿಗೆ ಆರಂಭವಾಗುತ್ತದೆ.

3

ಕನ್ನಡನಾಡಿನ ಈ ಸಂಗತಿಗಳಿಗೂ ಗುಜರಾತಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧ ಹಳೆಯದು. ವಡೋದರಾದ ಹೆಸರನ್ನು ಉಲ್ಲೇಖಿಸುವ ಪ್ರಾಚೀನ ದಾಖಲೆ ರಾಷ್ಟ್ರಕೂಟರದೇ. ಲಾಟದಲ್ಲಿ ಆಳುತ್ತಿದ್ದ ರಾಷ್ಟ್ರಕೂಟ ಶಾಖೆಯ ಕರ್ಕ ಸುವರ್ಣವರ್ಷನ ಕ್ರಿ.ಶ. 812ರ ತಾಮ್ರಪಟ ಅಂಕೋಟ್ಟಕ ಎಂಬತ್ತನಾಲ್ಕರೊಳಗಿನ 'ವಡಪದ್ರಕ' ಗ್ರಾಮವನ್ನು ದಾನವಿತ್ತುದನ್ನು ತಿಳಿಸುತ್ತದೆ. ಇಂದಿನ ಅಕೋಟಾ ಬಡಾವಣೆಯೇ ಆ ಅಂಕೋಟ್ಟಕ.

ಎರಡನೆಯ ಸಂಬಂಧ ಗ್ರಂಥಪ್ರಕಟಣೆಯದು. ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1916ರಲ್ಲಿ ಆರಂಭವಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಜಿ. ಕೆ. ಶ್ರೀಗೊಂಡೇಕರ್ ಅವರ ಸಂಪಾದಕತ್ವದಲ್ಲಿ ಹೊರಬಂದಿತು. ಅದರ ಮೊದಲ ಸಂಪುಟದ ವರ್ಷ 1925. ಅದೇ ವರ್ಷ, ಅದೇ ಮಾಲೆಯಲ್ಲಿ 'ಲೇಖಪದ್ಧತಿ'ಯೂ ಪ್ರಕಟವಾಯಿತು. ಮೊದಲನೆಯದು ಕೋಶವನ್ನು ರಾಜ್ಯದ ಸಪ್ತಾಂಗಗಳಲ್ಲಿ ಒಂದಾಗಿ ವಿವರಿಸುವ ದೊರೆಯ ಕೃತಿ. ಎರಡನೆಯದು ಗುಮಾಸ್ತನ ಕೈಪಿಡಿ. ಸಾಲಪತ್ರ, ಒತ್ತೆಪತ್ರ, ಕ್ರಯಪತ್ರ, ರಾಜಾಜ್ಞೆ ಮೊದಲಾದವನ್ನು ಬರೆಯುವ ಮಾದರಿಗಳನ್ನು ಅದು ಒಂದೆಡೆ ಕೂಡಿಸುತ್ತದೆ. ಅವುಗಳಲ್ಲಿ ಹಲವು ವಿಕ್ರಮ ಸಂವತ್ 1288ರ, ಎಂದರೆ ಕ್ರಿ.ಶ. 1231-32ರ, ಕಾಲನಿರ್ದೇಶವನ್ನು ಹೊತ್ತಿವೆ.

ಆಡಳಿತದ ಮೂವತ್ತೆರಡು 'ಕರಣ'ಗಳನ್ನು ಈ ಕೃತಿ ಹೆಸರಿಸುತ್ತದೆ. ಶ್ರೀಕರಣ, ವ್ಯಯಕರಣ, ಸುಂಕಕ್ಕೆ ಸಂಬಂಧಿಸಿದ ಮಂಡಪಿಕಾಕರಣ, ಬಂದರಿನ ವೇಲಾಕುಲಕರಣ ಇವು ಅವುಗಳಲ್ಲಿ ಕೆಲವು. ಹೊಯ್ಸಳ ಶಾಸನಗಳ ಶ್ರೀಕರಣದ ಹೆಗ್ಗಡೆಯನ್ನೂ ನಮ್ಮ ಊರುಗಳ ಕರಣಿಕರನ್ನೂ ಬಲ್ಲ ಓದುಗರಿಗೆ ಈ ಪರಿಭಾಷೆ ಪರಕೀಯವೆನಿಸದು. 'ಲೇಖಪದ್ಧತಿ'ಯ ಮಹತ್ತ್ವ ಇರುವುದು ಇಲ್ಲಿಯೇ. ಅನುಭವಿ ಲೇಖಕನೊಬ್ಬ ಸತ್ತರೆ ಅಥವಾ ಕೆಲಸ ಬಿಟ್ಟರೆ ಅವನ ತಿಳಿವಳಿಕೆ ಅವನೊಡನೆ ಹೋಗದಂತೆ ಕಚೇರಿಯಲ್ಲಿ ಉಳಿಸಿಕೊಳ್ಳುವ ಉಪಾಯ ಅದು. ವ್ಯಕ್ತಿಯ ಅರಿವನ್ನು ಸಂಸ್ಥೆಯ ಅರಿವನ್ನಾಗಿ ಮಾರ್ಪಡಿಸುವುದೆಂದು ಇಂದಿನ ನಿರ್ವಹಣಾಶಾಸ್ತ್ರ ಹೇಳುವುದು ಇದನ್ನೇ.

ಆದರೆ ಈ ವ್ಯವಸ್ಥೆಯನ್ನು ಆದರ್ಶವಾಗಿ ಚಿತ್ರಿಸುವುದು ಸರಿಯಲ್ಲ. ನಾಗಾವಿಯ, ಸಾಲೋಟಗಿಯ ದತ್ತಿಗಳು ಪುಣ್ಯಾರ್ಜನೆಯ ದೃಷ್ಟಿಯಿಂದ ಹುಟ್ಟಿದವು. ಅವುಗಳ ಫಲ ಕೆಲವೇ ವರ್ಣದವರಿಗೆ ಮೀಸಲಾಗಿತ್ತು. ಕರಣಿಕರ, ಶಾನುಭೋಗರ ವಿದ್ಯೆ ಮನೆತನದ ಸೊತ್ತಾಗಿತ್ತು. ಬಡಗಿಯ, ಕಮ್ಮಾರನ, ಬಣ್ಣಗಾರನ ಅರಿವಿಗೆ ಯಾವ ಸರಸ್ವತೀ ಭಂಡಾರದಲ್ಲಿಯೂ ಎಡೆಯಿರಲಿಲ್ಲ.

4

ಈ ಕೊರತೆಯನ್ನು ತುಂಬುವ ಯತ್ನವಾಗಿ ವಡೋದರಾದ ಕಲಾಭವನವನ್ನು ನಾವು ಪರಿಭಾವಿಸಬಹುದು. ಸೂರತ್ತಿನ ಬಡಗಿ ಸಮುದಾಯದಲ್ಲಿ ಹುಟ್ಟಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದ ತ್ರಿಭುವನದಾಸ ಕಲ್ಯಾಣದಾಸ ಗಜ್ಜರ್ (1863-1920) ಅವರು ಸಯಾಜಿರಾವ್ ಅವರ ನೆರವಿನಿಂದ 1890ರಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. ಬಣ್ಣ ಹಾಕುವ ಕಲೆಯನ್ನು ರಸಾಯನವಿಜ್ಞಾನದ ತಳಹದಿಯ ಮೇಲೆ ಕಲಿಸಬೇಕು. ತಾಂತ್ರಿಕ ವಿದ್ಯೆ ದೇಶಭಾಷೆಯಲ್ಲಿ ದೊರೆಯಬೇಕು ಎಂಬುದು ಅವರ ಆಗ್ರಹವಾಗಿತ್ತು. ಇದಕ್ಕಾಗಿ ಗುಜರಾತಿಯಲ್ಲಿ ತಾಂತ್ರಿಕ ಗ್ರಂಥಗಳನ್ನು ಬರೆಯಿಸುವ ಕಾರ್ಯವೂ ನಡೆಯಿತು.

1907ರಲ್ಲಿ ಗಜ್ಜರ್, ಕೋಟಿಭಾಸ್ಕರ್ ಮತ್ತು ಭಾಯಿಲಾಲ್ ದಾಜಿಭಾಯಿ ಅಮೀನ್ ಅವರು ಸೇರಿ ಅಲೆಂಬಿಕ್ ರಾಸಾಯನಿಕ ಕಂಪನಿಯನ್ನು ಸ್ಥಾಪಿಸಿದರು. ಮದ್ಯಸಾರ ಮತ್ತು ಟಿಂಕ್ಚರುಗಳಿಂದ ಆರಂಭಗೊಂಡ ಈ ಉದ್ಯಮ 1961ರ ವೇಳೆಗೆ ಪೆನಿಸಿಲಿನ್ ತಯಾರಿಸುವ ಮಟ್ಟಕ್ಕೆ ಬೆಳೆಯಿತು. ನಗರದ ವಾಯವ್ಯಕ್ಕಿರುವ ಗೋರ್ವಾ, ಹಿಂದೆ ಬರಿಯ ಹಳ್ಳಿಯಾಗಿದ್ದುದು, ಕೈಗಾರಿಕೆಯ ನೆಲೆಯಾದುದರಲ್ಲಿ ಈ ಕಾರ್ಖಾನೆಯ ಪಾತ್ರ ದೊಡ್ಡದು. 'ಅಲೆಂಬಿಕ್' ಎಂದರೆ ಭಟ್ಟಿ ಇಳಿಸುವ ಪಾತ್ರೆ. ಇದೂ ಒಂದು ಭಾಂಡವೇ.

ಕಂಪನಿಯ ಲೆಕ್ಕದಲ್ಲಿ ಷೇರುಹಣ, ಕಟ್ಟಡ, ಯಂತ್ರ, ದಾಸ್ತಾನು ಇವುಗಳಿಗೆ ಬೆಲೆಯುಂಟು. ಪ್ರಯೋಗಶಾಲೆಯಲ್ಲಿ ಗಜ್ಜರ್ ಅವರು ಶಿಷ್ಯರಿಗೆ ಕಲಿಸಿದ್ದಕ್ಕೆ ಅಂಥ ಪುಸ್ತಕದಲ್ಲಿ ಅಂಕಣವೇ ಇಲ್ಲ. ಕಲಾಭವನಕ್ಕೆ ಸಂಸ್ಥಾನ ಕೊಟ್ಟ ಹಣ ಸಂಸ್ಥಾನದ ಲೆಕ್ಕದಲ್ಲಿ ವೆಚ್ಚ. ಅದರ ಫಲ ಇನ್ನೊಬ್ಬರ ಲೆಕ್ಕದಲ್ಲಿ ಲಾಭ. ಎರಡನ್ನೂ ಜೋಡಿಸುವ ಕಡತ ಯಾವುದೂ ಇಲ್ಲ. 1949ರಲ್ಲಿ ಬಡೋದಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಕಲಾಭವನ ಅದರ ತಂತ್ರಜ್ಞಾನ ವಿಭಾಗವಾಯಿತು. ಕಲಿಕೆಯ ಪರಂಪರೆ ಹೀಗೆ ಮುಂದುವರಿಯಿತು.

ಮೈಸೂರು ಸಂಸ್ಥಾನದಲ್ಲಿಯೂ ಇದಕ್ಕೆ ಸಮಾನವಾದ ಸಂಗತಿ ಕಾಣುತ್ತದೆ. 1914ರ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ಬೆಂಗಳೂರಿನ ವಿಜ್ಞಾನಮಂದಿರದ ರಸಾಯನಜ್ಞರು ಎಣ್ಣೆ ತೆಗೆಯುವ ವಿಧಾನವನ್ನು ರೂಪಿಸಿದರು. 1916ರಲ್ಲಿ ತಯಾರಿಕೆ ಆರಂಭವಾಯಿತು. ಸಾಬೂನಿನ ತಾಂತ್ರಿಕತೆಯನ್ನು ಕಲಿಯಲು ಎಸ್. ಜಿ. ಶಾಸ್ತ್ರಿ ಅವರನ್ನು ಸಂಸ್ಥಾನವು ಇಂಗ್ಲೆಂಡಿಗೆ ಕಳುಹಿಸಿತು. ಕಾಡಿನ ಗಂಧ ಮೊದಲೂ ಇತ್ತು. ಹೊಸದಾಗಿ ಬಂದದ್ದು ಅರಿವು.

5

ಇಂದಿನ ಲೆಕ್ಕಶಾಸ್ತ್ರದ ನಿಲುವು ಸ್ಪಷ್ಟವಾಗಿದೆ. ಅಮೂರ್ತ ಆಸ್ತಿಗಳನ್ನು ಕುರಿತ ಭಾರತೀಯ ಲೆಕ್ಕಮಾನಕ 38ರ ಪ್ರಕಾರ ನೌಕರರ ತರಬೇತಿಗೆ ಮಾಡಿದ ವೆಚ್ಚ ಆಸ್ತಿಯಾಗದು. ಅದು ಆಯಾ ವರ್ಷದ ಖರ್ಚು. ನೌಕರನು ಸಂಸ್ಥೆಯ ಹತೋಟಿಯ ವಸ್ತುವಲ್ಲ, ಯಾವಾಗ ಬೇಕಾದರೂ ಬಿಟ್ಟು ಹೋಗಬಲ್ಲನು ಎಂಬ ಕಾರಣ ತರ್ಕಬದ್ಧವೇ ಆಗಿದೆ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು 1990ರ ದಶಕದಲ್ಲಿ, 1971ರ ಲೆವ್-ಶ್ವಾರ್ಟ್ಜ್ ಮಾದರಿಯನ್ನು ಅನುಸರಿಸಿ, ತನ್ನ ನೌಕರರ ಮುಂದಿನ ಗಳಿಕೆಯನ್ನು ಅಂದಾಜಿಸಿ ಮಾನವ ಸಂಪನ್ಮೂಲದ ಬೆಲೆಯನ್ನು ವಾರ್ಷಿಕ ವರದಿಯಲ್ಲಿ ಪ್ರಕಟಿಸಿತು. ಆದರೆ ಅದು ಹೆಚ್ಚುವರಿ ಮಾಹಿತಿಯಾಗಿ ಉಳಿಯಿತೇ ಹೊರತು ಅಧಿಕೃತ ಆಸ್ತಿಪಟ್ಟಿಯ ಭಾಗವಾಗಲಿಲ್ಲ.

ಈ ಮಾದರಿ ಅರಿವನ್ನು ಸಂಬಳದಿಂದ ಅಳೆಯುತ್ತದೆ. ನಾಗಾವಿಯ ಶಾಸನಕಾರನು ಅರಿವಿಗೆ ಬೆಲೆ ಕಟ್ಟಲೇ ಇಲ್ಲ. ಅದನ್ನು ಉಳಿಸಲು ಏನೇನು ಬೇಕೋ ಅದನ್ನು ಮಾತ್ರ ಲೆಕ್ಕ ಮಾಡಿದನು: ಓದುವವರು ಎಷ್ಟು, ಓದಿಸುವವರು ಎಷ್ಟು, ಹೊತ್ತಗೆ ಕಾಯುವವರು ಎಷ್ಟು, ಅವರಿಗೆ ಭೂಮಿ ಎಷ್ಟು. ಬೆಲೆಯನ್ನು ಹುಡುಕುವ ಆಧುನಿಕ ಸಂಶೋಧನೆಗೂ ಪೋಷಣೆಯನ್ನು ಗೊತ್ತುಪಡಿಸುವ ಮಧ್ಯಕಾಲೀನ ದತ್ತಿಗೂ ಇರುವ ಮೂಲಭೂತ ವ್ಯತ್ಯಾಸ ಇದೇ ಎಂಬುದು ನಮ್ಮ ಅಭಿಪ್ರಾಯ.

ಈ ವ್ಯತ್ಯಾಸಕ್ಕೆ ವ್ಯಾವಹಾರಿಕ ಪರಿಣಾಮವುಂಟು. ವೆಚ್ಚವೆಂದು ಬರೆದದ್ದನ್ನು ಕಷ್ಟಕಾಲದಲ್ಲಿ ಮೊದಲು ಕತ್ತರಿಸುತ್ತಾರೆ. ಮೂಲಧನವೆಂದು ಬರೆದದ್ದನ್ನು ಮುಟ್ಟಲು ಹಿಂಜರಿಯುತ್ತಾರೆ. ಗ್ರಂಥಾಲಯ, ನಿಘಂಟು, ಹಸ್ತಪ್ರತಿ ಸಂಗ್ರಹ, ಅಧ್ಯಯನ ಪೀಠ ಇವೆಲ್ಲ ಇಂದು ಆಯವ್ಯಯದ ವೆಚ್ಚದ ಅಂಕಣದಲ್ಲಿವೆ. ಹೊರನಾಡಿನ ಕನ್ನಡ ಪೀಠಗಳ ಭವಿಷ್ಯವೂ ಈ ಅಂಕಣದ ಪ್ರಶ್ನೆಗೆ ಹೊರತಾದುದಲ್ಲ. ಲೆಕ್ಕಶಾಸ್ತ್ರದ ಸಂಶೋಧಕರೂ ಶಾಸನಶಾಸ್ತ್ರದ ಅಭ್ಯಾಸಿಗಳೂ ಒಂದೆಡೆ ಕುಳಿತು ದತ್ತಿಶಾಸನಗಳನ್ನು ಲೆಕ್ಕಪತ್ರಗಳಾಗಿ ಓದುವ ಕೆಲಸ ಇನ್ನು ಮುಂದಾದರೂ ನಡೆಯಬೇಕು. ಅಂಥ ಅಧ್ಯಯನಕ್ಕೆ ನಾಗಾವಿಯ ಆರು ಮಂದಿ ಸರಸ್ವತೀ ಭಂಡಾರಿಗರ ಜೀವಿತವು ಒಳ್ಳೆಯ ಆರಂಭಬಿಂದುವಾಗಬಲ್ಲದು.