ಹಳೇ ಗಾಡಿ ಲೆಕ್ಕ, ಭಾಗ 5: 800 ಉಳೀತು, ರೇವಾ ಯಾಕೆ ಉಳೀಲಿಲ್ಲ?

ಮೊದಲನೇ ಫೋಟೋದಲ್ಲಿರೋದು ನಮ್ಮನೆ ಮಾರುತಿ 800. 2001ರ ಗಾಡಿ, ಕೆಎ 03, ಅಂದ್ರೆ ಇಂದಿರಾನಗರ ಆರ್‌ಟಿಓ. ನಾನು ಹುಟ್ಟಿದ ವರ್ಷ ಅಪ್ಪ ಇದನ್ನ ಸೆಕೆಂಡ್ ಹ್ಯಾಂಡ್ ತಗೊಂಡ್ರು. ಈ ವರ್ಷ ಆರ್‌ಸಿ ಅವಧಿ ಮುಗಿಯುತ್ತೆ. ಹೋದ ಸಲ, 2021ರಲ್ಲಿ, ನವೀಕರಣ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯ್ತು. 2025ರಲ್ಲಿ ಬಂದ ನಿಯಮದ ಪ್ರಕಾರ 20 ವರ್ಷ ದಾಟಿದ ಕಾರಿಗೆ 10,000. ಹಸಿರು ತೆರಿಗೆ, ಇನ್ಶೂರೆನ್ಸ್ ಬೇರೆ. ಮನೇಲಿ ಒಂದು ವಾರದಿಂದ ಇದೇ ಚರ್ಚೆ: ಕಟ್ಟೋದಾ, ಗುಜರಿಗೆ ಹಾಕೋದಾ?

ಬಿಕಾಂ ಓದ್ತಿರೋನು ನಾನು, ಲೆಕ್ಕ ಹಾಕ್ದೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಾರಿಗೆ ವರ್ಷಕ್ಕೆ ಶೇ. 15 ಸವಕಳಿ. 2 ಲಕ್ಷದ ಗಾಡಿ ಅಂದ್ಕೊಳ್ಳಿ, 25 ವರ್ಷಕ್ಕೆ ಪುಸ್ತಕದಲ್ಲಿ ಉಳಿಯೋದು ಸುಮಾರು 3,400 ರೂಪಾಯಿ. ಅದಕ್ಕೆ 10,000 ಕಟ್ಟಬೇಕು. ಅಪ್ಪನಿಗೆ ತೋರಿಸ್ದೆ. "ನಿನ್ ಪುಸ್ತಕ ಮಳೇಲಿ ಸ್ಟಾರ್ಟ್ ಆಗುತ್ತೇನೋ?" ಅಂದ್ರು.

ಈಗ ಎರಡನೇ ಫೋಟೋ ನೋಡಿ. ಅದೇ 2001ರಲ್ಲಿ ನಮ್ಮ ಬೆಂಗಳೂರಲ್ಲೇ ತಯಾರಾದ ಇನ್ನೊಂದು ಕಾರು ರೋಡಿಗಿಳೀತು. ರೇವಾ. ಚೇತನ್ ಮೈನಿ ಕಂಪನಿಯ ಎರಡು ಬಾಗಿಲಿನ ಎಲೆಕ್ಟ್ರಿಕ್ ಗಾಡಿ. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಅನ್ನೋ ಹೆಸರಲ್ಲಿ ಓಡ್ತು. ಟೆಸ್ಲಾ ಕಂಪನಿ ಶುರುವಾಗಿದ್ದೇ 2003ರಲ್ಲಿ, ನೆನಪಿರಲಿ!

ಕಾಗದದ ಮೇಲೆ ನೋಡಿದ್ರೆ ರೇವಾನೇ ಜಾಸ್ತಿ ಬಾಳಿಕೆ ಬರಬೇಕಿತ್ತು. ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ, ಇಂಜಿನ್ ಆಯಿಲ್ ಇಲ್ಲ. ಬಾಡಿ ಪ್ಯಾನೆಲ್ ಪ್ಲಾಸ್ಟಿಕ್, ಅಂದ್ರೆ ತುಕ್ಕಿನ ಭಯಾನೂ ಇಲ್ಲ. ಕೆಡೋ ಸಾಮಾನು ಕಮ್ಮಿ ಇದ್ರೆ ರಿಪೇರಿಯೂ ಕಮ್ಮಿ ಅಲ್ವಾ?

ಆದರೆ ಮುಂದಿನ ಸೀಟಿನ ಕೆಳಗೆ ಆರಾರು ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ಎಂಟನ್ನೂ ಸರಪಳಿ ಥರ ಒಂದಕ್ಕೊಂದು ಜೋಡಿಸಿರ್ತಾರೆ, ಹಾಗಾಗಿ ಒಂದು ಸೋತ್ರೆ ಇಡೀ ಸಾಲೇ ಸೋಲುತ್ತೆ. ಹಳೇ ಏಳರ ಮಧ್ಯೆ ಹೊಸದೊಂದು ಹಾಕಿದ್ರೆ ಅದೂ ಬೇಗ ಕೆಡುತ್ತೆ. ಅದಕ್ಕೇ ಇಡೀ ಸೆಟ್ ಬದಲಾಯಿಸಬೇಕು, ಅದೂ ಕೆಲವೇ ವರ್ಷಕ್ಕೊಮ್ಮೆ. ಅದರ ಚಾರ್ಜರ್, ಮೋಟಾರ್ ಕಂಟ್ರೋಲರ್ ಬೀದಿ ಮೆಕ್ಯಾನಿಕ್ ಕೈಗೆ ಸಿಗೋ ವಸ್ತುಗಳಲ್ಲ. 2010ರಲ್ಲಿ ಮಹೀಂದ್ರಾ ಆ ಕಂಪನಿಯ ಬಹುಪಾಲು ಕೊಂಡ್ಕೊಳ್ತು, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಓ ಬಂತು. ಹಳೇ ರೇವಾ ಇಟ್ಕೊಂಡೋರು ಹಳೇ ಬ್ಯಾಟರಿ ಜೊತೆ ಹಿಂದೆ ಉಳಿದ್ರು.

800 ಕೂಡ ನಿಂತಿದೆ. ಹೊಸ ಹೊಗೆ ನಿಯಮ ಬಂದಾಗ 2010ರಲ್ಲಿ ಬೆಂಗಳೂರು ಸೇರಿ 13 ನಗರಗಳಲ್ಲಿ ಮಾರಾಟ ನಿಂತ್ಹೋಯ್ತು. 2014ರ ಜನವರಿಯಲ್ಲಿ ಉತ್ಪಾದನೇನೇ ನಿಲ್ತು. ಆದರೂ ಸಾಮಾನು ಸಿಗುತ್ತೆ, ಯಾಕಂದ್ರೆ 1983ರಿಂದ ಬಂದ ಲಕ್ಷಗಟ್ಟಲೆ ಗಾಡಿ ಇವೆ, ಓಮ್ನಿಯಲ್ಲೂ ಇದ್ದಿದ್ದು ಇದೇ 796 ಸಿಸಿ ಇಂಜಿನ್ನು. ಹೊಸದು ಬೇಕಾದ್ರೆ ಜೆ.ಸಿ. ರಸ್ತೆ, ಹಳೇದು ಬೇಕಾದ್ರೆ ಶಿವಾಜಿನಗರದ ಗುಜರಿ. ದೊಮ್ಮಲೂರಿನ ನಮ್ಮ ಮೆಕ್ಯಾನಿಕ್ ಭಾಯ್ ಬಾನೆಟ್ ಎತ್ತೋ ಮುಂಚೆ ಸದ್ದಲ್ಲೇ ಹೇಳ್ತಾರೆ: "ಪ್ಲಗ್ ವೈರ್, ಇನ್ನೇನಿಲ್ಲ." ಕ್ಲಚ್ ಕೇಬಲ್ ಹಾಕೋದನ್ನ ನಾನು ಪಿಯುಸಿಲಿದ್ದಾಗ ಕಲಿತಿದ್ದೂ ಅವರ ಹತ್ರಾನೇ.

ಬಾಳಿಕೆ ಅಂದ್ರೆ ಗಾಡಿಯ ಗುಣ ಅಂತ ನಾವೆಲ್ಲ ವಾದ ಮಾಡ್ತೀವಿ. ನನ್ನ ಪ್ರಕಾರ ಅರ್ಧ ಬಾಳಿಕೆ ಇರೋದು ಗಾಡಿಯ ಹೊರಗೆ, ಆ ಗುಜರಿಯಲ್ಲಿ, ಆ ಭಾಯ್ ಕಿವಿಯಲ್ಲಿ. ಈಗ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಗೊಳ್ಳೋ ಪ್ಲಾನ್ ಇದ್ರೆ ಕಿಲೋಮೀಟರ್ ಎಷ್ಟು ಅಂತ ಆಮೇಲೆ ಕೇಳಿ. ಬ್ಯಾಟರಿ ವಾರಂಟಿ ಎಷ್ಟು ವರ್ಷ ಉಳಿದಿದೆ, ಅದು ಎರಡನೇ ಮಾಲೀಕರಿಗೂ ಬರುತ್ತಾ ಅಂತ ಮೊದಲು ಕೇಳಿ.

800 ಸುರಕ್ಷಿತ ಅಂತ ಮಾತ್ರ ನಾನು ಹೇಳಲ್ಲ. ಏರ್‌ಬ್ಯಾಗ್ ಇಲ್ಲ, ಡೋರು ಡಬ್ಬದ ಮುಚ್ಚಳದ ಥರ. ಅಮ್ಮನ ತಕರಾರು ಅದೇ, ಅದಕ್ಕೆ ನನ್ನತ್ರ ಉತ್ತರ ಇಲ್ಲ. ಕೊನೆಗೆ ಒಪ್ಪಂದ ಆಯ್ತು: ಗಾಡಿ ಇರುತ್ತೆ, ಹೈವೇಗೆ ಹೋಗಲ್ಲ.

ಶುಕ್ರವಾರ ಎಫ್‌ಸಿ. ಬ್ರೇಕ್ ಶೂ ಹೊಸದು ತಂದಿದೀವಿ, ಮೂರನೇ ಫೋಟೋ. ನಿಮ್ಮ ಏರಿಯಾದಲ್ಲಿ ಎಲ್ಲಾದ್ರೂ ಓಡ್ತಿರೋ ರೇವಾ ಕಂಡ್ರೆ ಫೋಟೋ ಕಳ್ಸಿ, ಮುಂದಿನ ಭಾಗಕ್ಕೆ ಬೇಕು.