ಹೆಸರು ಮೊದಲು, ವಸ್ತು ಆಮೇಲೆ

ಕೇಂಬ್ರಿಜ್‌ನ ಶರೀರಶಾಸ್ತ್ರಜ್ಞ ಜಾನ್ ನ್ಯೂಪೋರ್ಟ್ ಲಾಂಗ್ಲಿ 1905ರಲ್ಲಿ ಪ್ರಕಟಿಸಿದ ಲೇಖನವೊಂದರ ಕಥಾನಾಯಕ ಕೋಳಿ. ಕೋಳಿಗೆ ನಿಕೋಟಿನ್ ಚುಚ್ಚಿದರೆ ಕೆಲವು ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಮೇಲೆ ಕ್ಯೂರಾರೆ ಕೊಟ್ಟರೆ ಸಡಿಲಾಗುತ್ತವೆ. ಕ್ಯೂರಾರೆ ಎಂದರೆ ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ ವಿಷ. ಇಂಥ ವಿಷಗಳು ನರದ ತುದಿಯ ಮೇಲೆ ಕೆಲಸ ಮಾಡುತ್ತವೆ ಎಂದು ಆಗ ಹಲವರು ನಂಬಿದ್ದರು. ಲಾಂಗ್ಲಿ ಆ ನರವನ್ನೇ ಕತ್ತರಿಸಿ, ಅದರ ತುದಿ ನಶಿಸುವವರೆಗೂ ಕಾದ. ನರವೇ ಇಲ್ಲದ ಸ್ನಾಯು ಕೂಡ ನಿಕೋಟಿನ್‌ಗೆ ಬಿಗಿಯಿತು, ಕ್ಯೂರಾರೆಗೆ ಸಡಿಲಾಯಿತು. ಹಾಗಾದರೆ ವಿಷವನ್ನೂ ನರದ ಸಂದೇಶವನ್ನೂ ಹಿಡಿದುಕೊಳ್ಳುವಂಥದ್ದು ಏನೋ ಸ್ನಾಯುಕೋಶದಲ್ಲೇ ಇರಬೇಕು. ಅದನ್ನು ಅವನು ‘ಗ್ರಹಿಸುವ ವಸ್ತು’ ಎಂದು ಕರೆದ. ನಾವೀಗ ಗ್ರಾಹಕ ಎನ್ನುತ್ತೇವೆ. ಅಂಗಡಿಯ ಗಿರಾಕಿಗೂ ಅದೇ ಪದವಾದ್ದರಿಂದ ವಿಜ್ಞಾನದ ಪಾಠದಲ್ಲಿ ಅದು ಸ್ವಲ್ಪ ನಗು ತರಿಸುತ್ತದೆ.

ಹೆಸರೇನೋ ಆಯಿತು, ವಸ್ತು ಸಿಗಲಿಲ್ಲ. ಆಟೋ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಪ್ರಯೋಗದಿಂದ ನರದ ಸಂದೇಶವನ್ನು ಒಯ್ಯುವುದು ರಾಸಾಯನಿಕ ಎಂದು ತೋರಿಸಿದ. ಅವನಿಗೂ ಹೆನ್ರಿ ಡೇಲ್‌ಗೂ 1936ರಲ್ಲಿ ನೊಬೆಲ್ ಬಂತು. ಅಸಿಟೈಲ್‌ಕೋಲಿನ್ ಎಂಬ ಆ ರಾಸಾಯನಿಕ ಎಲ್ಲರಿಗೂ ಪರಿಚಯವಾಯಿತು. ಅದನ್ನು ಬರಮಾಡಿಕೊಳ್ಳುವ ಗ್ರಾಹಕ ಮಾತ್ರ ಬರೀ ಊಹೆಯಾಗಿಯೇ ಉಳಿಯಿತು. ಸ್ವತಃ ಡೇಲ್‌ಗೇ ಆ ಪದದ ಮೇಲೆ ವಿಶ್ವಾಸವಿರಲಿಲ್ಲ. ತಪ್ಪೇನೂ ಅಲ್ಲ. ಕೋಶದ ಅಷ್ಟೊಂದು ಪ್ರೋಟೀನುಗಳ ನಡುವೆ ಅತ್ಯಲ್ಪ ಪ್ರಮಾಣದಲ್ಲಿರುವ ಒಂದನ್ನು ಯಾವ ಗುರುತು ಹಿಡಿದು ಹುಡುಕುವುದು?

ಗುರುತು ಸಿಕ್ಕಿದ್ದು ಹಾವಿನ ಬಾಯಲ್ಲಿ. ನಮ್ಮ ಕಟ್ಟುಹಾವಿನ ಕುಲಕ್ಕೇ ಸೇರಿದ ಹಾವೊಂದು ತೈವಾನಿನಲ್ಲಿದೆ. ತೈಪೆಯ ಚಾಂಗ್ ಮತ್ತು ಲೀ 1963ರಲ್ಲಿ ಅದರ ವಿಷದಿಂದ ಬಂಗರೋಟಾಕ್ಸಿನ್ ಬೇರ್ಪಡಿಸಿದರು. ಅದು ಗ್ರಾಹಕವನ್ನು ಹಿಡಿದರೆ ಉಡದ ಹಿಡಿತ. 1970ರಲ್ಲಿ ಪ್ಯಾರಿಸ್‌ನ ಝಾನ್-ಪಿಯೆರ್ ಶಾಂಜೂ, ಲೀ ಅವರ ಜೊತೆ ಸೇರಿ, ಈ ವಿಷವನ್ನು ದಕ್ಷಿಣ ಅಮೆರಿಕದ ವಿದ್ಯುತ್ ಈಲ್ ಮೀನಿನ ಮೇಲೆ ಪ್ರಯೋಗಿಸಿದರು. ಆ ಮೀನಿನ ವಿದ್ಯುದಂಗದಲ್ಲಿ ಗ್ರಾಹಕಗಳು ಕಿಕ್ಕಿರಿದಿರುತ್ತವೆ. ಲಾಂಗ್ಲಿಯ ಪದಕ್ಕೆ ಅರವತ್ತೈದು ವರ್ಷಗಳ ಮೇಲೆ ಮೈ ಬಂತು, ಅದೊಂದು ಪ್ರೋಟೀನು.

ಈಲ್‌ನಿಂದ ಶುದ್ಧೀಕರಿಸಿದ ಗ್ರಾಹಕವನ್ನು ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಮೊಲಗಳಿಗೆ ಚುಚ್ಚಿದರು. ಎರಡನೆಯ ಚುಚ್ಚುಮದ್ದಿನ ಬಳಿಕ ಮೊಲಗಳು ನಿತ್ರಾಣಗೊಂಡು ಬಿದ್ದವು. ಅಸಿಟೈಲ್‌ಕೋಲಿನ್ ಬೇಗ ಒಡೆಯದಂತೆ ತಡೆಯುವ ಔಷಧಿ ಕೊಟ್ಟಾಗ ಚೇತರಿಸಿಕೊಂಡವು. ರೆಪ್ಪೆ ಜೋಲುವ, ಅಗಿಯಲೂ ನುಂಗಲೂ ಕಷ್ಟವಾಗುವ ಮಯಸ್ತೇನಿಯಾ ಗ್ರಾವಿಸ್ ರೋಗಿಗಳಲ್ಲೂ ವೈದ್ಯರು ಕಂಡಿದ್ದು ಇದನ್ನೇ. ಈ ವರದಿ ಬಂದದ್ದು 1973ರಲ್ಲಿ. ಕೆಲವೇ ವರ್ಷಗಳಲ್ಲಿ ಆ ರೋಗಿಗಳ ರಕ್ತದಲ್ಲಿ ತಮ್ಮದೇ ಗ್ರಾಹಕದ ಮೇಲೆ ದಾಳಿ ಮಾಡುವ ಪ್ರತಿಕಾಯಗಳು ಸಿಕ್ಕವು. ಅವನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲೂ ಬಳಕೆಗೆ ಬಂದದ್ದು ಅದೇ ಹಾವಿನ ವಿಷ.