ಮಂದೆ ಜತೆ ಹೊರಟ ಐಸ್ ಬಾಕ್ಸು

ಹೋದ ವಾರ ಕೌಲ್ ಬಜಾರಿಗೆ ಹೋಗಿ ಒಂದು ಐಸ್ ಬಾಕ್ಸು ತಂದೆ. ಅಂಗಡಿ ಹುಡುಗ "ಏನ್ ಯಜಮಾನ್ರೇ, ಕ್ಯಾಂಪಿಂಗಾ?" ಅಂತ ನಕ್ಕ. ಹೌದಪ್ಪಾ, ಕ್ಯಾಂಪಿಂಗೇ ಅಂದೆ. ಭತ್ತ ಕೊಯ್ದ ಮೇಲೆ ಸಿರುಗುಪ್ಪ ಕಡೆ ಗದ್ದೆಗಳಲ್ಲಿ ಕುರಿ ತರುಬಿಕೊಂಡು ಹದಿನೈದು ಇಪ್ಪತ್ತು ದಿನ ಬಯಲಲ್ಲೇ ಉಂಡು ಮಲಗೋದು ಕ್ಯಾಂಪಿಂಗ್ ಅಲ್ಲದೆ ಮತ್ತೇನು? (ನಮ್ಮ ಕಡೆ ಕ್ಯಾಂಪ್ ಅಂದ್ರೆ ತುಂಗಭದ್ರಾ ಡ್ಯಾಮ್ ಆದ ಮೇಲೆ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರು. ಅದು ಬೇರೆ ಮಾತು.)

ಡಬ್ಬಿ ಯಾಕೆ ಬೇಕಾಯ್ತು ಅಂತ ಮೊದಲು ಹೇಳ್ತೀನಿ. ಮೂರು ವರ್ಷದ ಹಿಂದೆ ಮೇ ತಿಂಗಳ ಕೊನೆಗೆ ಕರುಳುಬೇನೆ ಲಸಿಕೆ ತಂದಿದ್ದೆ. ಮೀನು ಬರ್ತದಲ್ಲ, ಆ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ಬೈಕಿನ ಹಿಂದೆ ಕಟ್ಟಿದ್ದೆ. ದಾರಿ ಕುಲುಕಾಟಕ್ಕೆ ಮುಚ್ಚಳ ಎರಡು ಹೋಳಾಗಿತ್ತು, ನನಗೆ ಗೊತ್ತೇ ಆಗಿಲ್ಲ. ಮಂದೆ ಹತ್ರ ಬಂದು ನೋಡಿದ್ರೆ ಐಸ್ ಇಲ್ಲ, ನೀರೂ ಸೋರಿ ಹೋಗಿತ್ತು, ಬಾಟಲಿ ಕೈಗೆ ಬೆಚ್ಚಗೆ ಹತ್ತಿತು. ದುಡ್ಡು ಕೊಟ್ಟು ತಂದದ್ದು ಅಂತ ಅದನ್ನೇ ಚುಚ್ಚಿಸಿದೆ. ಮೊದಲ ಮಳೆ ಬಿದ್ದು ಹಸಿ ಹುಲ್ಲು ಚಿಗುರಿತು ನೋಡ್ರಿ, ಎಂಟು ದಿನದಲ್ಲಿ ಹನ್ನೊಂದು ಕುರಿ ಹೋದವು. ಚಲೋ ತಿಂದು ಬೆಳೆದ ಮರಿಗಳೇ ಮೊದಲು. ಡಾಕ್ಟರ್ ಕೇಳಿದ್ದು ಒಂದೇ ಮಾತು: "ಲಸಿಕೆ ಹೆಂಗೆ ತಂದ್ರಿ?"

ಬಿಸಿಲಲ್ಲಿ ತಂಪು ಹೊತ್ತು ತಿರುಗೋ ಕಷ್ಟ ನಮಗೆ ಹೊಸದಲ್ಲ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ರು. ಆಮೇಲೆ ಇಲ್ಲಿ ದಂಡು ಬಂದು ಕೂತಿತು. ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಕಚೇರಿಗಿಂತ ಡೇರೆಯಲ್ಲೇ ಹೆಚ್ಚು ದಿನ ಕಳೆದವನು, ಊರೂರು ತಿರುಗಿ ಕಂದಾಯ ಕಟ್ಟಿದ. ಕೊನೆಗೆ ಮದರಾಸಿನ ಗವರ್ನರ್ ಆಗಿದ್ದಾಗಲೂ ಹಂಗೇ ಸಂಚಾರ ಹೊರಟು 1827ರಲ್ಲಿ ಪತ್ತಿಕೊಂಡದ ಹತ್ರ ಕಾಲರಾ ಬಂದು ಸತ್ತ. ಬಯಲಲ್ಲಿ ಇರೋನಿಗೆ ನೀರೇ ಜೀವ, ನೀರೇ ಮೃತ್ಯು. ಮದರಾಸಿನ ದಂಡಿನ ಜತೆ ನೀರು ಹೊರೋಕೆ ಪಖಾಲಿಗಳು ಇರ್ತಿದ್ರು. ಎತ್ತಿನ ಬೆನ್ನ ಮೇಲೆ ಎರಡೂ ಕಡೆ ಇಳಿಬಿಟ್ಟ ದೊಡ್ಡ ತೊಗಲಿನ ಚೀಲ. ತೊಗಲು ಜಿನುಗ್ತದೆ, ಗಾಳಿಗೆ ಆರ್ತದೆ, ಒಳಗಿನ ನೀರು ತಂಪಾಗ್ತದೆ. ನಮ್ಮ ಹರವಿ, ತತ್ರಾಣಿಯ ಲೆಕ್ಕಾನೂ ಇದೇ. ಲಾರಿ ಮುಂದೆ ತೂಗಾಡ್ತಿದ್ದ ಕ್ಯಾನ್ವಾಸ್ ಚೀಲ ನೆನಪಿದೆಯಾ? ಅದೂ ಇದೇ.

ನಮ್ಮ ಒಣಗಾಳಿಗೆ ಈ ಉಪಾಯ ಹೇಳಿ ಮಾಡಿಸಿದ್ದು. ಮಂಗಳೂರಿನಂಥ ಕಡಲ ದಂಡೇಲಿ ಗಾಳಿಯಲ್ಲೇ ನೀರು ತುಂಬಿರ್ತದೆ, ಹರವಿ ಇಷ್ಟು ಚಲೋ ಬೆವರೋದಿಲ್ಲ. ಕುಡಿಯೋ ನೀರು, ಮಜ್ಜಿಗೆ ಇವಕ್ಕೆ ನಾನು ಇವತ್ತಿಗೂ ಹಸಿ ಗೋಣಿತಟ್ಟು ಸುತ್ತಿದ ಹರವೀನೇ ಇಡೋದು. ಆದ್ರೆ ಲಸಿಕೆಗೆ 2ರಿಂದ 8 ಡಿಗ್ರಿ ಬೇಕು. ಹರವಿ ಎಷ್ಟೇ ಬೆವರಿದ್ರೂ ನಮ್ಮ ಬೇಸಿಗೇಲಿ ಅಲ್ಲಿಗೆ ಇಳಿಯೋದಿಲ್ಲ. ಅದಕ್ಕೆ ಐಸೇ ಬೇಕು.

ಐಸಿನ ಕಥೆ ಕೇಳಿದ್ರೆ ನಗು ಬರ್ತದೆ. ಅಮೆರಿಕದ ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ಚಳಿಗಾಲದಲ್ಲಿ ಕೆರೆ ಮೇಲೆ ಕಟ್ಟೋ ಮಂಜುಗಡ್ಡೆ ಕೊಯ್ಸಿ ಮಾರ್ತಿದ್ದ. 1833ರಲ್ಲಿ 180 ಟನ್ ಹಡಗಿಗೆ ಹಾಕಿ ಕಲ್ಕತ್ತಕ್ಕೆ ಕಳಿಸಿದ. ನಾಲ್ಕು ತಿಂಗಳ ದಾರಿ, ಬಿಸಿ ಕಡಲು. ಆದ್ರೂ ಸುಮಾರು 100 ಟನ್ ಉಳಿದಿತ್ತು! ಮದರಾಸಿನ ಕಡಲ ದಂಡೇಲಿ ಐಸ್ ಹೌಸ್ ಎದ್ದದ್ದು 1842ರಲ್ಲಿ. 1897ರಲ್ಲಿ ವಿವೇಕಾನಂದರು ಉಳಿದುಕೊಂಡ ಕಟ್ಟಡ ಅದೇ. ಆ ಹಡಗಲ್ಲಿ ಯಾವ ಮಿಷನ್ನೂ ಇರಲಿಲ್ಲ. ಗಡ್ಡೆಯನ್ನ ಬಿಗಿಯಾಗಿ ಒತ್ತಿ ಜೋಡಿಸಿ ಮರದ ಹೊಟ್ಟು, ಒಣಹುಲ್ಲು ತುಂಬಿದ್ರು, ಅಷ್ಟೇ. ನಮ್ಮ ರೈಸ್‌ಮಿಲ್ಲಿನ ಭತ್ತದ ಹೊಟ್ಟೂ ಇದೇ ಕೆಲಸ ಮಾಡ್ತದೆ, ಐಸ್ ಮಾರೋರು ಹೊಟ್ಟಲ್ಲೇ ಹೂಳ್ತಾರೆ. ನಮ್ಮ ಕಂಬಳೀನೂ ಹಂಗೇ. ಚಳಿಗೆ ಹೊದ್ದರೆ ಮೈಯ ಕಾವು ಹೊರಗೆ ಬಿಡೋದಿಲ್ಲ, ಐಸಿಗೆ ಹೊದಿಸಿದ್ರೆ ಬಿಸಿಲಿನ ಕಾವು ಒಳಗೆ ಬಿಡೋದಿಲ್ಲ. ಡಬ್ಬಿ ತಂಪು ಮಾಡೋದಿಲ್ಲ ಕಣ್ರೀ, ಬಿಸಿಯನ್ನ ತಡೀತದೆ. ಇದು ತಿಳೀದೆ ಬಿಸಿ ಡಬ್ಬಿಗೆ ಬಿಸಿ ಬಾಟಲಿ ಹಾಕಿ ಮೇಲೆರಡು ತುಂಡು ಐಸ್ ಉದುರಿಸಿದ್ರೆ, ಐಸೆಲ್ಲಾ ಡಬ್ಬಿಯನ್ನ ತಂಪು ಮಾಡೋದ್ರಲ್ಲೇ ಖರ್ಚಾಗ್ತದೆ.

ಕೈಲಿ ಹಿಡಿದು ಹೋಗೋ ಐಸ್ ಪೆಟ್ಟಿಗೆಗೆ ಅಮೆರಿಕದ ರಿಚರ್ಡ್ ಲಾರಮಿ ಅನ್ನೋನು 1951ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಕೋಲ್‌ಮನ್ ಕಂಪನಿ ಮೊದಲು ತಗಡಿನದ್ದು, 1957ರಲ್ಲಿ ಒಳಗೆ ಪ್ಲಾಸ್ಟಿಕ್ ಹಾಕಿದ್ದು ಮಾಡ್ತು. 2006ರಲ್ಲಿ ಟೆಕ್ಸಾಸಿನ ಇಬ್ಬರು ಅಣ್ಣತಮ್ಮಂದಿರು ಯೆಟಿ ಅಂತ ಶುರು ಮಾಡಿದ್ರು. ಮೀನು ಹಿಡಿಯೋಕೆ ಹೋದಾಗ ಮೇಲೆ ನಿಂತರೆ ಮುಚ್ಚಳ ಮುರೀತಿತ್ತಂತೆ, ಅದೇ ಸಿಟ್ಟಿಗೆ. ಅದನ್ನ ಮಾಡೋ ರೀತಿ ನಮಗೆ ಅಪರಿಚಿತ ಅಲ್ಲ. ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿ ಹಾಕಿ ಕಾಯಿಸ್ತಾ ತಿರುಗಿಸಿದ್ರೆ ಗೋಡೆಗೆಲ್ಲಾ ಅಂಟಿ ಒಂದೇ ತುಂಡಾಗಿ ಬರ್ತದೆ. ನಮ್ಮ ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕ್ ಹುಟ್ಟೋದೂ ಹಿಂಗೇ. ಹತ್ತಿಪ್ಪತ್ತು ಬೇಸಿಗೆ ತಡೆದ ಟ್ಯಾಂಕ್ ನೋಡಿದೀವಲ್ಲ, ಗಟ್ಟಿತನಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದ್ರೆ ಅಂಥ ಬಾಕ್ಸಿಗೆ ತೂಕ ಜಾಸ್ತಿ, ರೇಟು ಕೇಳಿದ್ರೆ ಒಂದು ಟಗರು ಮಾರಬೇಕು. ನಾನು ತಗೊಂಡಿದ್ದು ಅದಕ್ಕಿಂತ ಕೆಳಗಿನದು, ಎರಡು ಗೋಡೆ ನಡುವೆ ಪಫ್ ಇರೋದು.

ಅಂಗಡೀಲಿ ಹೆಸರು ನೋಡಲಿಲ್ಲ. ಮುಚ್ಚಳ ನೋಡಿದೆ. ಎಷ್ಟೋ ಬಾಕ್ಸಿನಲ್ಲಿ ಗೋಡೆಗೆ ಮಾತ್ರ ಪಫ್, ಮುಚ್ಚಳ ಒಳಗೆ ಪೊಳ್ಳು. ಬೆರಳಿಂದ ಬಡಿದ್ರೆ ಗೊತ್ತಾಗ್ತದೆ. ಒಂದು ಚೀಟಿ ಇಟ್ಟು ಮುಚ್ಚಿ ಎಳೆದೆ. ಸಲೀಸಾಗಿ ಬಂದ್ರೆ ರಬ್ಬರ್ ಕೂತಿಲ್ಲ ಅಂತ, ಅಂಥವು ಎರಡು ಬದಿಗಿಟ್ಟೆ. ಆಮೇಲೆ ಮೇಲೆ ಕೂತೆ. ಹುಡುಗ ಗಾಬರಿಯಾದ. ಮಂದೇಲಿ ಇದರ ಮೇಲೆ ಎಲ್ಲರೂ ಕೂರೋರೇ ತಮ್ಮಾ ಅಂದೆ. ಕೀಲಿನ ಕಡ್ಡಿ ಪ್ಲಾಸ್ಟಿಕ್ಕಾ, ಕಬ್ಬಿಣಾ ಅದೂ ನೋಡ್ರಿ, ಮೊದಲು ಹೋಗೋದು ಅದೇ.

ಮನೇಲಿ ಪರೀಕ್ಷೆ ಮಾಡಿದೆ. ಹಿಂದಿನ ರಾತ್ರಿ ಒಂದಿಷ್ಟು ಐಸ್ ಹಾಕಿ ಡಬ್ಬಿ ತಂಪು ಮಾಡಿ, ಬೆಳಿಗ್ಗೆ ಅದನ್ನ ಚೆಲ್ಲಿ ದೊಡ್ಡ ಗಡ್ಡೆ ಇಟ್ಟು, ಕಂಬಳಿ ಹೊದಿಸಿ ಬೇವಿನ ನೆರಳಲ್ಲಿಟ್ಟೆ. ಎರಡನೇ ದಿನ ಸಂಜೆಗೂ ಮುಷ್ಟಿಯಷ್ಟು ಗಡ್ಡೆ ಉಳಿದಿತ್ತು. ಮನೆಯವಳು ನಡುವೆ ನಾಲ್ಕು ಸಲ ತೆಗೆದು ನೋಡಿದ್ಲು, ಇಲ್ಲಾಂದ್ರೆ ಇನ್ನೂ ಇರ್ತಿತ್ತು. ಒಂದು ಎಚ್ಚರಿಕೆ: ಫ್ರೀಜರಿನಿಂದ ತೆಗೆದ ಐಸಿಗೆ ಕರುಳುಬೇನೆ, ಕಾಲುಬಾಯಿ ಲಸಿಕೆ ಬಾಟಲಿ ನೇರ ತಾಗಬಾರದು, ಹೆಪ್ಪುಗಟ್ಟಿದ್ರೂ ಅವು ಕೆಡ್ತಾವೆ. ಬಟ್ಟೆ ಸುತ್ತಿ ಸಣ್ಣ ಡಬ್ಬೀಲಿ ಇಡ್ರಿ, ಜತೆಗೊಂದು ಥರ್ಮಾಮೀಟರ್.

ಬುಧವಾರ ಬೆಳಿಗ್ಗೆ ದನದ ಆಸ್ಪತ್ರೆಗೆ ಹೊರಟಿದೀನಿ. ಸುತ್ತಮುತ್ತ ಯಾರಿಗಾದ್ರೂ ಲಸಿಕೆ ತರಬೇಕಿದ್ರೆ ಮಂಗಳವಾರ ರಾತ್ರಿ ಒಳಗೆ ಹೇಳ್ರಿ, ಡಬ್ಬೀಲಿ ಜಾಗ ಐತೆ.